ನಲಿಕಲಿ ಕೋಣೇಲಿ ಎಲ್ಲಾ ಮಕ್ಕಳಿಗೂ ಜಾಗ ಮಾಡೋದು

ಪ್ರತಿ ವರ್ಷ ಜೂನಲ್ಲಿ ದಾಖಲಾತಿ ಶುರುವಾಗ್ತಿದ್ದ ಹಾಗೇ ನಮ್ಮ ಟೀಚರ್ಸ್ ವಾಟ್ಸಾಪ್ ಗ್ರೂಪಲ್ಲಿ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ, "ಒಂದನೇ ಕ್ಲಾಸಿಗೆ ಒಂದು ಮಗು ಸೇರಿದೆ, ಸರಿಯಾಗಿ ಮಾತಾಡಲ್ಲ, ಕೂತ ಕಡೆ ಕೂರಲ್ಲ, ಏನ್ ಮಾಡೋದು?" ಅಂತ. ಕೆಳಗೆ ಸಾಲು ಸಾಲು ಉತ್ತರ ಬರ್ತವೆ. ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರ) ತಿಳಿಸಿ, ಬಿಐಇಆರ್‌ಟಿ ಮೇಡಂಗೆ, ಅಂದ್ರೆ ಬ್ಲಾಕಿನ ವಿಶೇಷ ಶಿಕ್ಷಕಿಗೆ ಫೋನ್ ಮಾಡಿ, ಮಕ್ಕಳ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ವಿಶೇಷ ಅಗತ್ಯದ ಮಗು ಅಂತ ಎಂಟ್ರಿ ಹಾಕಿ, ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸೋಕೆ ಹೇಳಿ. ಇದೆಲ್ಲ ಬೇಕು, ಬೇಡ ಅಂತ ನಾನು ಹೇಳಲ್ಲ. ಆದ್ರೆ ಆ ಮಗು ನಾಳೆ ಬೆಳಿಗ್ಗೆ ಬಂದ್ರೆ ಎಲ್ಲಿ ಕೂರುತ್ತೆ, ಯಾರ ಪಕ್ಕ ಕೂರುತ್ತೆ, ಮೊದಲನೇ ಅರ್ಧ ಗಂಟೆ ಏನು ಮಾಡುತ್ತೆ, ಒಂದಕ್ಕೆ ಹೋಗ್ಬೇಕು ಅಂದ್ರೆ ಯಾರಿಗೆ ಹೇಗೆ ಹೇಳುತ್ತೆ, ಇದಕ್ಕೆ ಮಾತ್ರ ಯಾರೂ ಉತ್ತರ ಬರೆಯಲ್ಲ. ಹೋದ ವಾರ ಮತ್ತೆ ಅದೇ ಪ್ರಶ್ನೆ ಬಂತು, ಗ್ರೂಪಲ್ಲಿ ಟೈಪ್ ಮಾಡೋಕೆ ಕೂತೆ, ಅದು ಉದ್ದ ಆಗ್ತಾ ಹೋಯ್ತು, ಅದಕ್ಕೆ ಇಲ್ಲೇ ಬರೀತಿದೀನಿ.

ನಾನು ಹುಣಸೂರು ಕಡೆಯ ಒಂದು ಸರ್ಕಾರಿ ಶಾಲೇಲಿ ನಲಿಕಲಿ ಟೀಚರ್. ನಲಿಕಲಿ ಅಂದ್ರೆ ಮಕ್ಕಳು ಗುಂಪಲ್ಲಿ ಕೂತು, ಕಾರ್ಡು ಹಿಡ್ಕೊಂಡು, ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ. ಒಂದು, ಎರಡು, ಮೂರು, ಮೂರೂ ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ. ಊರಿನ ಮಕ್ಕಳು, ಹಾಡಿಯಿಂದ (ಬುಡಕಟ್ಟು ಜನರ ವಸತಿ) ಬರೋ ಜೇನುಕುರುಬರ ಮಕ್ಕಳು, ಮನೇಲಿ ಉರ್ದು ಮಾತಾಡೋ ಮಕ್ಕಳು, ಕಿವಿ ಮಷಿನ್ ಹಾಕ್ಕೊಂಡಿರೋ ಒಬ್ಬಳು ಹುಡುಗಿ, ಸದ್ದಾದ್ರೆ ಎರಡೂ ಕೈಲಿ ಕಿವಿ ಮುಚ್ಕೊಳೋ ಒಬ್ಬ ಹುಡುಗ. ಮಕ್ಕಳ ಹೆಸರು ಹಾಕಲ್ಲ, ಗುರುತು ಸಿಗೋ ವಿಷಯಾನೂ ಬರೆಯಲ್ಲ.

ನನಗೆ ಹೇಳೋಕಿರೋದು ಇಷ್ಟೇ. ಸಮನ್ವಯ ಶಿಕ್ಷಣ, ಅಂದ್ರೆ ಎಲ್ಲ ಥರದ ಮಕ್ಕಳೂ ಒಂದೇ ರೂಮಲ್ಲಿ ಕೂಡಿ ಕಲಿಯೋದು ಅಂತ ಟ್ರೈನಿಂಗಲ್ಲಿ ಹೇಳ್ತಾರಲ್ಲ, ಅದು ಮೊದಲು ರೂಮಿನ ಜೋಡಣೇಲಿ ಇರುತ್ತೆ. ಯಾವ ಮಗು ಯಾವತ್ತು ಬಂದ್ರೂ ಅದು ನಿಂತಿರೋ ಜಾಗದಿಂದಲೇ ಕಲಿಕೆ ಶುರು ಮಾಡೋ ಹಾಗೆ ರೂಮು ಇರ್ಬೇಕು. ಈ ಕೆಲಸಕ್ಕೆ ಬೇಕಾದ ಅರ್ಧ ಸಾಮಾನು ನಲಿಕಲೀಲಿ ಆಗಲೇ ಇದೆ, ನಾವು ಅದನ್ನ ಬಳಸ್ಕೋತಿಲ್ಲ ಅಷ್ಟೇ. ಇನ್ನರ್ಧ ಇಲ್ಲ, ಅದನ್ನ ಸರ್ಕಾರ ಕೊಡಲೇಬೇಕು. ಎರಡರ ಬಗ್ಗೆನೂ ಬರೀತೀನಿ.

ಹೊಸದಾಗಿ ಬಂದ ಟೀಚರ್‌ಗಳಿಗೆ ನಲಿಕಲಿ ಎಲ್ಲಿಂದ ಬಂತು ಅಂತ ಗೊತ್ತಿರಲ್ಲ. 1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾಗಿದ್ದು ಇದು, ಯುನಿಸೆಫ್ ಬೆಂಬಲ ಇತ್ತು, ಆಂಧ್ರದ ರಿಷಿವ್ಯಾಲಿ ಶಾಲೆಗಳಿಗೆ ನಮ್ಮ ಸರ್ಕಾರಿ ಟೀಚರ್‌ಗಳೇ ಹೋಗಿ ನೋಡ್ಕೊಂಡು ಬಂದು, ಇಲ್ಲಿಗೆ ಹೊಂದೋ ಹಾಗೆ ಕಾರ್ಡುಗಳನ್ನ ತಾವೇ ಕೂತು ತಯಾರಿಸಿದ್ರು. ಆಮೇಲೆ 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕೋಟೆಯಂಥ ಕಡೆ ಇದು ಯಾಕೆ ಅಷ್ಟು ಸರಿಹೊಂದಿತು ಅನ್ನೋದು ಇಲ್ಲಿ ಪಾಠ ಮಾಡೋರಿಗೆ ಯಾರೂ ಹೇಳ್ಬೇಕಾಗಿಲ್ಲ. ಡಿಸೆಂಬರ್ ಬಂದ್ರೆ ಹಾಡಿಯ ಅಪ್ಪ ಅಮ್ಮ ಕೊಡಗಿಗೆ ಕಾಫಿ ಕುಯ್ಯೋಕೆ ಹೋಗ್ತಾರೆ, ಮನೇಲಿ ನೋಡ್ಕೊಳೋರು ಇಲ್ಲದಿದ್ರೆ ಮಕ್ಕಳೂ ಜೊತೆಗೇ ಹೋಗ್ತವೆ. ಅದಕ್ಕೂ ಮುಂಚೆ ಹೊಗೆಸೊಪ್ಪಿನ ಕಾಲ, ಸೊಪ್ಪು ಹದ ಮಾಡೋ ಬ್ಯಾರನ್‌ಗೆ ಉರಿ ಹಾಕಿದ್ರೆ ರಾತ್ರಿ ಎಲ್ಲ ಮನೆಯವರು ಅಲ್ಲೇ, ಬೆಳಿಗ್ಗೆ ಮಗು ಎದ್ದೇ ಇರಲ್ಲ. ಮಾಮೂಲಿ ಕ್ಲಾಸಲ್ಲಿ ಎರಡು ತಿಂಗಳು ಬಿಟ್ಟು ಬಂದ ಮಗು ಅಂದ್ರೆ ಕಥೆ ಮುಗೀತು, ಪಾಠ ಹತ್ತು ಮುಂದಕ್ಕೆ ಹೋಗಿರುತ್ತೆ, ಆ ಮಗು ಹಿಂದಿನ ಸಾಲಲ್ಲಿ ಗೋಡೆಗೆ ಒರಗಿ ಕೂತುಬಿಡುತ್ತೆ, ಆಮೇಲೆ ಒಂದಿನ ಬರೋದೇ ನಿಲ್ಲಿಸುತ್ತೆ.

ನಲಿಕಲೀಲಿ ಹಾಗಾಗಬೇಕಾಗಿಲ್ಲ. ಕಲಿಕೆಯ ಮೆಟ್ಟಿಲುಗಳನ್ನ ಸಾಲಾಗಿ ತೋರಿಸೋ ಕಲಿಕಾ ಏಣಿ ಗೋಡೆ ಮೇಲೆ ಇದೆ, ಮಗು ಮೊದಲನೇ ಅಕ್ಷರಗುಂಪು ರಗಸದಅ ಮುಗಿಸಿ ಎರಡನೇದು ಜವಮಬನದ ಮಧ್ಯೆ ನಿಂತಿದ್ರೆ ವಾಪಸ್ ಬಂದ ದಿನ ಅದೇ ಮೈಲಿಗಲ್ಲಿನ ಅದೇ ಚಿತ್ರದ ಕಾರ್ಡ್ ತಗೊಂಡು ಕೂರುತ್ತೆ. ಪಕ್ಕದಲ್ಲಿ ಕೂತಿರೋದು ಬೇರೆ ವಯಸ್ಸಿನ ಮಗು, ಬೇರೆ ಮೆಟ್ಟಿಲಿನ ಮಗು, ಯಾರು ಮುಂದೆ ಯಾರು ಹಿಂದೆ ಅಂತ ರೂಮಲ್ಲಿ ಎದ್ದು ಕಾಣೋದೇ ಇಲ್ಲ. ಏಣಿ ನೋಡಿ, ಕಾರ್ಡ್ ತಗೊಂಡು, ಅದರ ಮೇಲಿರೋ ಗುರುತು ನೋಡಿ, ತನ್ನ ಗುಂಪಿನ ತಟ್ಟೆ ಹುಡುಕ್ಕೊಂಡು ಹೋಗಿ ಕೂರೋದು ಆರು ವರ್ಷದ ಮಗೂಗೆ ಒಂದೆರಡು ವಾರದಲ್ಲಿ ಬಂದುಬಿಡುತ್ತೆ. ಓದೋಕೆ ಬರದಿದ್ರೂ ಚಿತ್ರ ಗೊತ್ತಾಗುತ್ತಲ್ಲ.

ಇದೇ ವ್ಯವಸ್ಥೆ ನಿಧಾನಕ್ಕೆ ಕಲಿಯೋ ಮಗೂಗೂ ಆಗುತ್ತೆ, ಕಿವಿ ಕೇಳದ ಮಗೂಗೂ ಆಗುತ್ತೆ, ಮನೇಲಿ ಬೇರೆ ಮಾತಾಡೋ ಮಗೂಗೂ ಆಗುತ್ತೆ. ಟೀಚರ್ ಪೂರ್ತಿ ಸಹಾಯ ಮಾಡೋ ಗುಂಪು, ಸ್ವಲ್ಪ ಸಹಾಯ ಮಾಡೋ ಗುಂಪು, ಜೊತೆಯವರು ಸಹಾಯ ಮಾಡೋ ಗುಂಪು, ತಾನೇ ಕಲಿಯೋ ಗುಂಪು ಅಂತ ಇದಾವಲ್ಲ, ಒಂದು ಮಗು ಕನ್ನಡದಲ್ಲಿ ಟೀಚರ್ ಹತ್ರ ಕೂತಿದ್ರೆ ಗಣಿತದಲ್ಲಿ ತಾನೇ ಕಲಿಯೋ ಗುಂಪಲ್ಲಿ ಇರ್ಬಹುದು. ಇದನ್ನ ನಾವು ನಿಜವಾಗ್ಲೂ ಮಾಡಿದ್ರೆ ಯಾವ ಮಗೂಗೂ "ದಡ್ಡ" ಅನ್ನೋ ಹೆಸರು ಅಂಟೋಕೆ ಜಾಗಾನೇ ಸಿಗಲ್ಲ. ಬೇಸರ ಏನಂದ್ರೆ ಎಷ್ಟೋ ಕಡೆ ಏಣಿ ಗೋಡೆ ಮೇಲೆ ಇರುತ್ತೆ, ಕಾರ್ಡು ಬೀರುವಲ್ಲಿ ಇರುತ್ತೆ, ಎಲ್ಲರಿಗೂ ಒಂದೇ ಪಾಠ ಬೋರ್ಡ್ ಮೇಲೆ ನಡೀತಿರುತ್ತೆ. ಒಬ್ಬರೇ ಟೀಚರ್ ಮೂರು ಕ್ಲಾಸು, ಮೇಲೆ ಬಿಸಿಯೂಟದ ಲೆಕ್ಕ, ಜನಗಣತಿ, ಮತಪಟ್ಟಿ ಅಂತಿದ್ರೆ ಯಾರಾದ್ರೂ ಏನ್ ಮಾಡೋಕಾಗುತ್ತೆ, ಅದೂ ಅರ್ಥ ಆಗುತ್ತೆ ನನಗೆ.

ಈಗ ಕಿವಿ ಮಷಿನ್ ಹುಡುಗಿ ವಿಷಯ. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ "ಮಷಿನ್ ಹಾಕಿದ್ದಾರಲ್ಲ, ಇನ್ನೇನು, ಕೇಳಿಸುತ್ತೆ" ಅಂತ ಬಿಟ್ಟುಬಿಡೋರು ತುಂಬಾ ಜನ.

ಅವಳಿಗೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲಿ ಪರೀಕ್ಷೆ ಆಗಿ, ಕಿವಿ ಹಿಂದೆ ಕೂರೋ ಮಷಿನ್ ಎರಡು ಸಿಕ್ಕಿದೆ. ಅಲ್ಲಿಂದ ಅವರಮ್ಮ ಕಲ್ತುಕೊಂಡು ಬಂದು ನನಗೂ ಕಲಿಸಿದ್ರು. ಮಷಿನ್‌ದು ಗುಂಡಿ ಥರದ ಸಣ್ಣ ಬ್ಯಾಟರಿ, ಅದರ ಮೇಲೆ ಬಣ್ಣದ ಸ್ಟಿಕ್ಕರ್ ಇರುತ್ತೆ. ಸ್ಟಿಕ್ಕರ್ ಕಿತ್ತ ತಕ್ಷಣ ಮಷಿನ್ ಒಳಗೆ ಹಾಕ್ಬಾರದು, ಒಂದು ನಿಮಿಷ ಗಾಳಿಗೆ ಬಿಡ್ಬೇಕು, ಗಾಳಿ ಒಳಗೆ ಹೋದ್ಮೇಲೇ ಅದು ಕೆಲಸ ಶುರು ಮಾಡೋದು. ದಿನಾ ಪೂರ್ತಿ ಹಾಕಿದ್ರೆ ಒಂದೆರಡು ವಾರ ಬರುತ್ತೆ. ಬ್ಯಾಟರಿ ಮುಗಿದ್ರೆ ಮಷಿನ್ ಕಿವೀಲಿ ಇರುತ್ತೆ, ಆದ್ರೆ ಮಗೂಗೆ ಏನೂ ಕೇಳಿಸ್ತಿರಲ್ಲ, ನೋಡೋರಿಗೆ ಗೊತ್ತೇ ಆಗಲ್ಲ. ಸಣ್ಣ ಮಗು ತಾನಾಗೇ ಬಂದು ಹೇಳಲ್ಲ, ಸುಮ್ನೆ ಕೂತಿರುತ್ತೆ.

ಅದಕ್ಕೆ ಪ್ರತಿದಿನ ಬೆಳಿಗ್ಗೆ ಹಾಲು ಕುಡಿಯೋಕೆ ಮುಂಚೆ ನಾವಿಬ್ಬರು ಒಂದು ಕೆಲಸ ಮಾಡ್ತೀವಿ. ಅವಳ ಕೈಲಿ ಹುಣಸೆ ಬೀಜ, ಮುಂದೆ ಒಂದು ಖಾಲಿ ಡಬ್ಬ. ನಾನು ಬಾಯಿಗೆ ಕಾಗದ ಅಡ್ಡ ಹಿಡ್ಕೊಂಡು ಆರು ಸದ್ದು ಮಾಡ್ತೀನಿ, ಆ, ಈ, ಊ, ಮ್, ಶ್, ಸ್. ಕೇಳಿಸಿದಾಗೆಲ್ಲ ಒಂದು ಬೀಜ ಡಬ್ಬಕ್ಕೆ ಹಾಕ್ತಾಳೆ. ಬಾಯಿ ಯಾಕೆ ಮುಚ್ಕೋಬೇಕು ಅಂದ್ರೆ ಅವಳು ತುಟಿ ನೋಡಿ ಹೇಳಿಬಿಡ್ತಾಳೆ, ಅಷ್ಟು ಚುರುಕು. ಇದಕ್ಕೆ ಲಿಂಗ್ ಟೆಸ್ಟ್ ಅಂತಾರೆ. ಮಾತಿನಲ್ಲಿ ಬರೋ ದಪ್ಪ ಸದ್ದಿಂದ ಸಣ್ಣ ಸದ್ದಿನವರೆಗೂ ಈ ಆರರಲ್ಲೇ ಬಂದುಬಿಡುತ್ತೆ. 'ಸ್' ಅಂದಾಗ ಬೀಜ ಬೀಳಲಿಲ್ಲ ಅಂದ್ರೆ ಏನೋ ಎಡವಟ್ಟಾಗಿದೆ ಅಂತ, ಬ್ಯಾಟರಿ ನೋಡ್ತೀನಿ, ಕಿವಿಗೆ ಕೂರೋ ಮೋಲ್ಡಲ್ಲಿ ಗುಗ್ಗೆ ತುಂಬಿದ್ಯಾ ನೋಡ್ತೀನಿ, ಮಳೆಗಾಲದಲ್ಲಿ ಆ ಪೈಪಲ್ಲಿ ನೀರಿನ ಹನಿ ನಿಂತಿರುತ್ತೆ. ಮಷಿನ್ ಕುಯ್ಯ್ ಅಂತ ಸದ್ದು ಮಾಡಿದ್ರೆ ಮೋಲ್ಡ್ ಲೂಸ್ ಆಗಿದೆ ಅಂತ, ಮಗು ಬೆಳೆದ ಹಾಗೆ ಕಿವೀನೂ ಬೆಳೆಯುತ್ತಲ್ಲ, ಹೊಸ ಮೋಲ್ಡ್ ಮಾಡಿಸ್ಬೇಕು. ಎಲ್ಲ ಸೇರಿ ಐದು ನಿಮಿಷದ ಕೆಲಸ. ಬಾಕಿ ಮಕ್ಕಳಿಗೂ ಇದು ಆಟ, ಈಗ ಸರದಿ ಮೇಲೆ ಬಂದು ಅವಳ ಪಕ್ಕ ಕೂತು ಅವರೂ ಬೀಜ ಹಾಕ್ತಾರೆ.

ಮಷಿನ್ ಇದ್ರೂ ದೂರದ ಮಾತು ಅವಳಿಗೆ ಸರಿಯಾಗಿ ಸಿಗಲ್ಲ. ಅದು ಎಲ್ಲ ಸದ್ದನ್ನೂ ಜೋರು ಮಾಡುತ್ತೆ, ನನ್ನ ಮಾತೂ ಜೋರು, ಫ್ಯಾನೂ ಜೋರು, ಪಕ್ಕದ ರೂಮಿನ ಮಗ್ಗಿಯೂ ಜೋರು. ಹಾಗಾಗಿ ಅವಳು ಇರೋ ಗುಂಪಿಗೆ ಹೇಳೋದಿದ್ರೆ ನಾನೇ ಹತ್ರ ಹೋಗಿ ನೆಲದ ಮೇಲೆ ಕೂರ್ತೀನಿ, ಕೈಗೆಟುಕೋ ದೂರ. ಇನ್ನೊಂದು, ಕಿಟಕಿಗೆ ಬೆನ್ನು ಹಾಕಿ ನಿಂತ್ರೆ ನನ್ನ ಮುಖ ಕತ್ತಲಾಗಿ ಅವಳಿಗೆ ತುಟಿ ಕಾಣಲ್ಲ, ಅದಕ್ಕೆ ನಾನು ಕೂರೋ ಜಾಗ ಕಿಟಕಿ ಎದುರಿಗೆ ಬರೋ ಹಾಗೆ ಚಾಪೆ ಎಲ್ಲ ತಿರುಗಿಸಿ ಹಾಕಿದ್ವಿ. ಬೋರ್ಡ್ ಮೇಲೆ ಬರೀತಾ ಮಾತಾಡೋದು ಬಿಟ್ಟೆ, ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತು. ನಮ್ಮ ರೂಮಿಗೆ ಶೀಟಿನ ಸೂರು, ಜೋರು ಮಳೆ ಬಂದ್ರೆ ಅವಳಿಗೆ ಅಷ್ಟೇ ಅಲ್ಲ, ಯಾರಿಗೂ ಏನೂ ಕೇಳಿಸಲ್ಲ, ಆವಾಗ ಬಾಯಿಮಾತಿನ ಪಾಠ ನಿಲ್ಲಿಸಿ ಎಲ್ಲರೂ ಕಾರ್ಡು, ಚಿತ್ರ, ಬರವಣಿಗೆ.

ಗುಂಪಲ್ಲಿ ಮಾತು ನಡೀವಾಗ ಯಾರು ಮಾತಾಡ್ತಿದಾರೆ ಅಂತ ಹುಡುಕೋದೇ ಅವಳಿಗೆ ಕಷ್ಟ ಆಗ್ತಿತ್ತು, ಅವಳು ತಿರುಗೋ ಅಷ್ಟರಲ್ಲಿ ಮಾತು ಇನ್ನೊಬ್ಬರ ಹತ್ರ ಹೋಗಿರುತ್ತೆ. ಹಳೇ ಸೀರೆ ತುಂಡಲ್ಲಿ ಒಂದು ಚೆಂಡು ಕಟ್ಟಿದ್ವಿ. ಚೆಂಡು ಯಾರ ಕೈಲಿರುತ್ತೋ ಅವರು ಮಾತ್ರ ಮಾತಾಡ್ಬೇಕು. ಅವಳು ಚೆಂಡು ನೋಡ್ತಾಳೆ, ಮುಖ ನೋಡ್ತಾಳೆ, ಸಾಕು. ಇದರಿಂದ ನಾನು ಅಂದ್ಕೊಂಡೇ ಇರದ ಒಂದು ಲಾಭ ಆಯ್ತು. ಹಾಡಿಯ ಮಕ್ಕಳು ಮೊದಲೆಲ್ಲ ಬಾಯೇ ಬಿಡ್ತಿರಲಿಲ್ಲ, ಊರಿನ ಮಕ್ಕಳ ಗದ್ದಲದಲ್ಲಿ ಅವರಿಗೆ ಎಡೆಯೇ ಸಿಗ್ತಿರಲಿಲ್ಲ. ಚೆಂಡು ಕೈಗೆ ಬಂದ್ರೆ ಎಲ್ಲರೂ ಸುಮ್ನಾಗಿ ಕಾಯ್ತಾರೆ ಅಂತ ಗೊತ್ತಾದ್ಮೇಲೆ ಒಂದೊಂದೇ ಮಾತು ಶುರುವಾಯ್ತು, ಈಗ ಜೇನು ಕೀಳೋದು, ಆನೆ ಬಂದಾಗ ಏನ್ ಮಾಡ್ತಾರೆ ಅನ್ನೋದು, ಗೆಣಸು ಅಗೆಯೋದು, ಒಬ್ಬ ಹೇಳೋಕೆ ಶುರು ಮಾಡಿದ್ರೆ ಚೆಂಡು ಕೊಡೋದೇ ಇಲ್ಲ. ಮನೆಮಾತಲ್ಲೇ ಹೇಳ್ತಾರೆ, ಅರ್ಧ ನನಗೆ ಅರ್ಥ ಆಗುತ್ತೆ, ಉಳಿದಿದ್ದನ್ನ ಜೊತೆಯವರು ಹೇಳ್ತಾರೆ. "ಕನ್ನಡದಲ್ಲಿ ಹೇಳು" ಅಂತ ಮಧ್ಯೆ ತಡೆಯಲ್ಲ. ಮಗು ಮೊದಲು ಮಾತಾಡ್ಬೇಕು, ಕಾರ್ಡಿನ ಕನ್ನಡ ಆಮೇಲೆ ಹೇಗಿದ್ರೂ ಬರುತ್ತೆ, ಬಂದಿದೆ ಕೂಡ.

ಕಿವಿ ಕೇಳದ ಮಕ್ಕಳಿಗೆಲ್ಲ ಮಷಿನ್ ಸಾಕಾಗಲ್ಲ ಅನ್ನೋದೂ ಹೇಳ್ಬೇಕು. ಕೆಲವು ಮಕ್ಕಳಿಗೆ ಸಂಜ್ಞೆ ಭಾಷೆಯೇ ಅವರ ಭಾಷೆ. ಭಾರತೀಯ ಸಂಜ್ಞೆ ಭಾಷೆಯ ನಿಘಂಟು ಆನ್‌ಲೈನಲ್ಲಿ ಬಿಟ್ಟಿ ಸಿಗುತ್ತೆ, 2021ರಲ್ಲಿ ಬಂದ ಆವೃತ್ತೀಲಿ 10,000 ಪದ ಇದೆ, ಒಂದೊಂದಕ್ಕೂ ವಿಡಿಯೋ. ನೀರು, ಊಟ, ಟಾಯ್ಲೆಟ್, ಹೊಟ್ಟೆನೋವು, ಬೇಡ, ಇನ್ನೊಂದು ಸಲ, ಇಷ್ಟನ್ನ ನಾವೆಲ್ಲ ಅದರಿಂದ ಕಲ್ತಿದೀವಿ. ಸಣ್ಣ ಮಕ್ಕಳು ಇದನ್ನ ಎಷ್ಟು ಬೇಗ ಕಲೀತಾರೆ ಅಂದ್ರೆ ಈಗ ಪ್ರಾರ್ಥನೆ ಹೊತ್ತಲ್ಲಿ ಸದ್ದಿಲ್ಲದೆ ಒಬ್ಬರಿಗೊಬ್ಬರು ಏನೇನೋ ಹೇಳ್ಕೋತಿರ್ತಾರೆ.

ಇನ್ನು ಕಿವಿ ಮುಚ್ಕೊಳೋ ಹುಡುಗ. ಅವನಿಗೆ ಏನಿದೆ ಅಂತ ಹೆಸರಿಡೋದು ನನ್ನ ಕೆಲಸ ಅಲ್ಲ. ಶಾಲೆಗೆ ಬರೋ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಡಾಕ್ಟರ್ ಟೀಮಿಗೆ ತೋರಿಸಿದ್ವಿ, ಅಲ್ಲಿಂದ ಮುಂದಕ್ಕೆ ಬರೆದುಕೊಟ್ಟಿದಾರೆ, ಅದು ನಡೀತಿದೆ. 2013ರಿಂದ ಈ ಕಾರ್ಯಕ್ರಮ ಇದೆ, ಹುಟ್ಟಿದ ಮಗುವಿನಿಂದ 18 ವರ್ಷದವರೆಗೂ ಬಿಟ್ಟಿ ತಪಾಸಣೆ, ಅಂಗನವಾಡೀಲೂ ಮಾಡ್ತಾರೆ, ಎಷ್ಟೋ ಪೋಷಕರಿಗೆ ಇದು ಗೊತ್ತಿಲ್ಲ, ದಯವಿಟ್ಟು ಹೇಳಿ. ಆದ್ರೆ ರಿಪೋರ್ಟ್ ಬರೋವರೆಗೂ ಮಗು ಕಾಯೋಕಾಗಲ್ಲ, ಅದಕ್ಕೆ ಇವತ್ತೇ ಶಾಲೆ ಇದೆ.

ನಮ್ಮ ಶಾಲೆ ಬೆಲ್ಲು ಅಂದ್ರೆ ಮರಕ್ಕೆ ನೇತುಹಾಕಿರೋ ರೈಲು ಕಂಬಿ ತುಂಡು. ಅದು ಢಣ್ ಅಂದ್ರೆ ಅವನು ಕಿರುಚಿ ಮೇಜಿನ ಕೆಳಗೆ ಹೋಗ್ತಿದ್ದ. ದೊಡ್ಡ ಕ್ಲಾಸಿನ ಹುಡುಗರು ಬೆಲ್ಲು ಹೊಡೆಯೋಕೆ ಮುಂಚೆ ಬಾಗಿಲಲ್ಲಿ ಬಂದು ಕೈ ಎತ್ತಿ ತೋರಿಸಿ ಹೋಗೋ ಹಾಗೆ ಮಾಡಿದ್ವಿ. ಅವನು ನೋಡಿ, ಹಿಂದಿನ ಮೂಲೇಲಿ ಚಾಪೆ, ಅದರ ಮೇಲೆ ಒಂದು ಹಳೇ ಕಂಬಳಿ ಇಟ್ಟಿದೀವಿ, ಅಲ್ಲಿ ಹೋಗಿ ಕೂತು ಕಿವಿ ಮುಚ್ಕೋತಾನೆ, ಬೆಲ್ಲು ಮುಗಿದ್ಮೇಲೆ ಎದ್ದು ಬರ್ತಾನೆ. ಆ ಮೂಲೆ ಅವನದೊಬ್ಬನದೇ ಅಲ್ಲ, ಯಾರಿಗೆ ಅಳು ಬಂದ್ರೂ, ಜ್ವರ ಬಂದ ಹಾಗಿದ್ರೂ, ಮನೇಲಿ ಜಗಳ ನೋಡ್ಕೊಂಡು ಬಂದಿದ್ರೂ ಅಲ್ಲಿ ಹೋಗಿ ಕೂರ್ಬಹುದು. ಶಿಕ್ಷೆಗೆ ಯಾರನ್ನೂ ಅಲ್ಲಿಗೆ ಕಳಿಸಲ್ಲ, ಇದೊಂದನ್ನ ಮಾತ್ರ ಕಡ್ಡಾಯ ಮಾಡಿದೀನಿ, ಒಂದು ಸಲ ಶಿಕ್ಷೆಗೆ ಬಳಸಿದ್ರೆ ಆಮೇಲೆ ಆ ಜಾಗಕ್ಕೆ ಯಾವ ಮಗೂನೂ ತಾನಾಗಿ ಹೋಗಲ್ಲ.

ಅವನಿಗೆ ಇನ್ನೊಂದು ಕಷ್ಟ, ಮುಂದೆ ಏನಾಗುತ್ತೆ ಅಂತ ಗೊತ್ತಿಲ್ಲದಿದ್ರೆ ಗಾಬರಿ. ಹವಾಮಾನ ನಕ್ಷೆ ಪಕ್ಕದಲ್ಲೇ ದಿನದ ಚಿತ್ರಗಳನ್ನ ಸಾಲಾಗಿ ಹಾಕಿದ್ವಿ, ಪ್ರಾರ್ಥನೆ, ಹಾಲು, ಕನ್ನಡ ಕಾರ್ಡು, ಆಟ, ಊಟ, ಗಣಿತ, ಹಾಡು, ಮನೆ. ಒಂದೊಂದು ಮುಗಿದ ಹಾಗೆ ಅವನೇ ಹೋಗಿ ಚಿತ್ರ ತಿರುವಿ ಹಾಕ್ತಾನೆ. ಕ್ಲಸ್ಟರ್ ಮೀಟಿಂಗಿಗೆ ನಾನು ಮಧ್ಯಾಹ್ನ ಹೊರಡೋದಿದ್ರೆ ಬೆಳಿಗ್ಗೆನೇ ಅಲ್ಲಿ ಬೇರೆ ಚಿತ್ರ ಹಾಕಿ ಅವನಿಗೆ ತೋರಿಸಿಬಿಡ್ತೀನಿ. ಇನ್ನೊಂದು ವಿಷಯ, ಅವನು ನಾವು ಕೇಳಿದ್ದನ್ನೇ ತಿರುಗಿ ಹೇಳ್ತಾನೆ. "ಊಟ ಬೇಕಾ?" ಅಂದ್ರೆ "ಊಟ ಬೇಕಾ" ಅಂತಾನೆ. ಅಣಕಿಸ್ತಾನೆ ಅಂತ ಹೊಡೆದವರೂ ಇದಾರೆ, ನಮ್ಮ ಶಾಲೇಲಿ ಅಲ್ಲ, ಆದ್ರೆ ಅಂಥ ಮಕ್ಕಳಿಗೆ ಅದು ಆಗೋದನ್ನ ನಾನು ಕಂಡಿದೀನಿ. ಅದು ಅಣಕ ಅಲ್ಲ, ಮಾತನ್ನ ಹಿಡ್ಕೊಂಡು ಒಳಗೆ ತಗೊಳೋ ಅವನ ದಾರಿ ಅದು. ಪ್ರಶ್ನೆ ಬಿಟ್ಟು ಅವನು ಹೇಳ್ಬೇಕಾದ ಮಾತನ್ನೇ ನಾವು ಹೇಳಿ ಕೊಟ್ರೆ, "ನಂಗೆ ಊಟ ಬೇಕು" ಅಂತ, ಅವನು ಅದನ್ನೇ ಹೇಳ್ತಾನೆ, ಹಾಗೇ ಹೇಳಿ ಹೇಳಿ ಒಂದಿನ ತಾನೇ ಬಂದು "ನಂಗೆ ನೀರು ಬೇಕು" ಅಂದ.

ಕಾರ್ಡುಗಳನ್ನ ನಂಬರ್ ಪ್ರಕಾರ ಜೋಡಿಸೋದ್ರಲ್ಲಿ ಅವನ ಮುಂದೆ ಯಾರೂ ಇಲ್ಲ. ಯಾರಾದ್ರೂ ಕಾರ್ಡು ತಪ್ಪು ತಟ್ಟೇಲಿ ಇಟ್ರೆ ಅವನಿಗೆ ತಡೆಯೋಕಾಗಲ್ಲ, ಎದ್ದು ಹೋಗಿ ಸರಿ ಮಾಡಿ ಬರ್ತಾನೆ. ನಲಿಕಲಿ ಟೀಚರ್‌ಗಳಿಗೆ ಇದರ ಬೆಲೆ ಗೊತ್ತು, ಕಾರ್ಡು ಕಳೆದುಹೋಗೋದು, ಸೇರಿಹೋಗೋದು ನಮ್ಮ ದೊಡ್ಡ ತಲೆನೋವು. ಈಗ ಇಡೀ ರೂಮಿನ ಮಕ್ಕಳು ಕಾರ್ಡು ಜೋಪಾನವಾಗಿ ಅದರ ಜಾಗಕ್ಕೇ ಇಡ್ತಾರೆ.

ಪೋಷಕರ ವಿಷಯಕ್ಕೆ ಬರ್ತೀನಿ. ಒಬ್ಬರು ಬಂದು "ನನ್ನ ಮಗಳನ್ನ ಅವನ ಪಕ್ಕ ಕೂರಿಸ್ಬೇಡಿ ಮಿಸ್, ಇವಳೂ ಹಂಗೇ ಆಯ್ತಾಳೆ" ಅಂದ್ರು. ಇಂಥ ಮಾತಿಗೆ ಸಿಟ್ಟು ಬರುತ್ತೆ, ಆದ್ರೆ ಸಿಟ್ಟು ಮಾಡ್ಕೊಂಡ್ರೆ ಅವರು ಮಗೂನ ಕರ್ಕೊಂಡು ಹೋಗಿ ಪ್ರೈವೇಟ್ ಶಾಲೆ ವ್ಯಾನು ಹತ್ತಿಸ್ತಾರೆ. "ಬನ್ನಿ ಅಣ್ಣ, ಒಂದು ಬೆಳಿಗ್ಗೆ ನಮ್ಮ ಜೊತೆ ಕೂತ್ಕೊಳಿ" ಅಂತ ಕರೆದೆ. ಬಂದ್ರು, ಬಾಗಿಲ ಹತ್ರ ಕೂತ್ರು. ಅವರ ಮಗಳು ಆ ಹುಡುಗನಿಗೆ ಗಣಿತದ ಕಾರ್ಡು ತೋರಿಸ್ತಾ, ಅವನು ಮಣಿ ಎಣಿಸಿದ್ದನ್ನ ಇವಳು ಇನ್ನೊಂದು ಸಲ ಎಣಿಸ್ತಾ ಕೂತಿದ್ಳು. ಇನ್ನೊಬ್ಬರಿಗೆ ಹೇಳಿಕೊಡುವಾಗ ಅವಳದೇ ಕೂಡೋ ಲೆಕ್ಕ ಗಟ್ಟಿಯಾಗಿತ್ತು, ಅದನ್ನ ಅವರ ಮುಂದೆನೇ ಕೇಳಿಸಿದೆ. ಅವರು ಏನೂ ಹೇಳಲಿಲ್ಲ, ಎದ್ದು ಹೋದ್ರು, ಮಗಳು ಮಾತ್ರ ಅದೇ ಜಾಗದಲ್ಲೇ ಕೂರ್ತಾಳೆ. ಹಾಗಂತ ಎಲ್ಲ ಪೋಷಕರೂ ಒಪ್ಪಿದಾರೆ ಅಂತ ಅಲ್ಲ.

ಊಟದ ಸಾಲು. ಇದನ್ನ ಎಷ್ಟೋ ಜನ ಸಮನ್ವಯ ಶಿಕ್ಷಣದ ಲೆಕ್ಕಕ್ಕೆ ತಗೊಳೋದೇ ಇಲ್ಲ. ಮಕ್ಕಳನ್ನ ಅವರ ಪಾಡಿಗೆ ಬಿಟ್ರೆ ಕೇರಿ ಕೇರಿಯವರು ಬೇರೆ ಬೇರೆ ಕೂರ್ತಾರೆ, ಹಾಡಿ ಮಕ್ಕಳು ಕೊನೇಲಿ, ಮನೇಲಿ ದೊಡ್ಡವರು ಹೇಳಿಕೊಟ್ಟಿದ್ದು ತಟ್ಟೆ ಹಿಡ್ಕೊಂಡಾಗ ಹೊರಗೆ ಬರುತ್ತೆ. ಭಾಷಣ ಮಾಡಿದ್ರೆ ಆರು ವರ್ಷದ ಮಕ್ಕಳಿಗೆ ಏನೂ ಹತ್ತಲ್ಲ. ನಾವು ಮಾಡೋದು ಏನಂದ್ರೆ ಊಟಕ್ಕೆ ಮುಂಚಿನ ಅವಧೀಲಿ ಯಾರು ಯಾವ ಗುಂಪಲ್ಲಿ ಕೂತಿರ್ತಾರೋ ಹಾಗೇ ಎದ್ದು ಕೈ ತೊಳ್ಕೊಂಡು ಅದೇ ಗುಂಪಾಗಿ ಊಟಕ್ಕೆ ಕೂರೋದು. ಗುಂಪು ಏಣಿ ಪ್ರಕಾರ ಆಗಿರೋದ್ರಿಂದ ಅದರಲ್ಲಿ ಊರು, ಕೇರಿ, ಹಾಡಿ ಎಲ್ಲ ಕಲೆತಿರುತ್ತೆ, ದಿನಾ ಬದಲಾಗ್ತಿರುತ್ತೆ. ಮೊಟ್ಟೆ ದಿನ ಮೊಟ್ಟೆ ತಿನ್ನೋರು, ಬಾಳೆಹಣ್ಣು ತಿನ್ನೋರು ಅಂತ ಎರಡು ಸಾಲು ಮಾಡೋ ಶಾಲೆಗಳಿದಾವೆ, ನಮ್ಮಲ್ಲಿ ಅದೂ ಇಲ್ಲ, ಬೇಕಾದವರಿಗೆ ಬೇಕಾದ್ದನ್ನ ಕೂತಲ್ಲಿಗೇ ಬಡಿಸ್ತಾರೆ ಅಡುಗೆ ಅಕ್ಕ. ಕಿವಿ ಮುಚ್ಕೊಳೋ ಹುಡುಗ ಸಾರು ಅನ್ನ ಕಲಸಿದ್ರೆ ತಿನ್ನಲ್ಲ, ಅನ್ನ ಒಂದು ಕಡೆ ಸಾರು ಒಂದು ಕಡೆ ಇರ್ಬೇಕು, ಅಕ್ಕನಿಗೆ ಅದು ನನಗಿಂತ ಮುಂಚೆ ಗೊತ್ತಾಗಿತ್ತು.

ಈಗ ಸರ್ಕಾರ ಮಾಡ್ಬೇಕಾದ ಅರ್ಧ. ಕಾನೂನು ನಮ್ಮ ಕಡೆ ಗಟ್ಟಿಯಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ 21 ಬಗೆಯ ಅಂಗವೈಕಲ್ಯ ಸೇರಿದಾವೆ, ಹಿಂದಿನ 1995ರ ಕಾಯ್ದೇಲಿ 7 ಇದ್ವು. ಸೇರಿಸ್ಕೊಳಲ್ಲ ಅನ್ನೋ ಹಾಗಿಲ್ಲ, ಕಟ್ಟಡ, ಟಾಯ್ಲೆಟ್, ಪಾಠ ಎಲ್ಲ ಮಗೂಗೆ ಹೊಂದೋ ಹಾಗೆ ಮಾಡ್ಬೇಕು ಅಂತಲೇ ಇದೆ. 2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಲೆಕ್ಕವನ್ನೂ ಹೇಳಿದೆ, ಪ್ರಾಥಮಿಕದಲ್ಲಿ ಅಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. ನಮ್ಮಲ್ಲಿ ನಡೆಯೋದು ಏನು? ಬ್ಲಾಕಿಗೆ ಇರೋದೇ ಕೆಲವೇ ಬಿಐಇಆರ್‌ಟಿಗಳು. ನಮ್ಮ ಕಡೆಗೆ ಬರೋ ಮೇಡಂ ತುಂಬಾ ಒಳ್ಳೆಯವರು, ಲಿಂಗ್ ಟೆಸ್ಟ್ ನಾನು ಮಾಡೋದು ಸರಿ ಇದ್ಯಾ ಅಂತ ನೋಡಿ ತಿದ್ದಿದ್ದು ಅವರೇ, ಆದ್ರೆ ಅವರ ಮೇಲೆ ಎಷ್ಟು ಹಳ್ಳಿ, ಎಷ್ಟು ಮಕ್ಕಳು ಅಂತ ಕೇಳಿದ್ರೆ ಪಾಪ ಅನ್ಸುತ್ತೆ. ಬಸ್ಸಲ್ಲೇ ಅವರ ಅರ್ಧ ದಿನ ಹೋಗುತ್ತೆ.

ಗೃಹಾಧಾರಿತ ಶಿಕ್ಷಣ ಅಂತ ಒಂದಿದೆ, ತೀವ್ರ ತೊಂದರೆ ಇರೋ ಮಕ್ಕಳಿಗೆ ಮನೆಗೇ ಹೋಗಿ ಕಲಿಸೋದು. ಕೆಲವು ಮಕ್ಕಳಿಗೆ ಅದು ಬೇಕೇ ಬೇಕು. ಆದ್ರೆ ಎತ್ತಿ ಕರ್ಕೊಂಡು ಬಂದ್ರೆ ಶಾಲೇಲಿ ಕೂರಬಲ್ಲ ಮಗೂನೂ ಅದೇ ಪಟ್ಟೀಲಿ ಹಾಕಿ ಮನೇಲೇ ಬಿಡೋದು ನಡೀತಿದೆ, ಯಾಕಂದ್ರೆ ಶಾಲೆಗೆ ತಂದ್ರೆ ಟಾಯ್ಲೆಟ್ಟಿಗೆ ಯಾರು ಕರ್ಕೊಂಡು ಹೋಗ್ತಾರೆ ಅನ್ನೋ ಪ್ರಶ್ನೆ ಬರುತ್ತೆ. ನಾನು ಟ್ರೈನಿಂಗಿಗೆ ಹೋದ ಒಂದು ಶಾಲೇಲಿ ರ‍್ಯಾಂಪ್ ಇತ್ತು, ಹಿಡ್ಕೊಳೋ ಕಂಬಿಗೆ ಹೊಸ ಪೇಂಟೂ ಆಗಿತ್ತು, ಆದ್ರೆ ಅಷ್ಟು ಕಡಿದಾಗಿತ್ತು ಅಂದ್ರೆ ದೊಡ್ಡವರಿಗೂ ವೀಲ್‌ಚೇರ್ ತಳ್ಳೋಕಾಗಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಅನ್ನೋದು ನಿಯಮ. ವೀಲ್‌ಚೇರ್ ಹೋಗೋ ಟಾಯ್ಲೆಟ್ಟೂ ಇತ್ತು, ಅದಕ್ಕೆ ಬೀಗ, ಒಳಗೆ ಹಳೇ ಬೆಂಚು. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರು ಇದನ್ನ ಕೇಳ್ಬೇಕು, ಪೋಷಕರು ಕೇಳ್ಬೇಕು, ನಾವು ಟೀಚರ್‌ಗಳೂ ಬರವಣಿಗೇಲಿ ಕೇಳ್ಬೇಕು, ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ. ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಸ್ಟೈಪೆಂಡ್ ಇದೆ, ಕರ್ಕೊಂಡು ಬರೋರಿಗೆ ಭತ್ಯೆ ಇದೆ, ಕಿವಿ ಮಷಿನ್ ಹುಡುಗಿಯ ಅಮ್ಮ ಮಗಳನ್ನ ಮೈಸೂರಿಗೆ ಕರ್ಕೊಂಡು ಹೋದ ದಿನ ಅವಳ ಕೂಲಿ ಹೋಗುತ್ತೆ, ಅದಕ್ಕೆ 200 ಏನೂ ಅಲ್ಲ, ಆದ್ರೂ ಬರೋದನ್ನ ಬಿಡ್ಬಾರದು, ಅಕೌಂಟ್ ಆಧಾರ್ ಲಿಂಕ್ ಆಗಿದ್ಯಾ ಅಂತ ನಾವೇ ಒಂದು ಸಲ ನೋಡಿಕೊಟ್ರೆ ಒಳ್ಳೇದು.

ನನಗೆ ನಿಜವಾಗ್ಲೂ ಹೆದರಿಕೆ ಇರೋದು ನಾಲ್ಕನೇ ಕ್ಲಾಸಿನ ಬಗ್ಗೆ. ನಲಿಕಲಿ ಮೂರಕ್ಕೆ ಮುಗಿಯುತ್ತೆ. ನಾಲ್ಕಕ್ಕೆ ಹೋದ್ರೆ ಬೆಂಚು, ಸಾಲು, ಪಠ್ಯಪುಸ್ತಕ, ಒಂದೇ ಪಾಠ ಎಲ್ಲರಿಗೂ, ಏಣಿ ಇಲ್ಲ, ಚೆಂಡು ಇಲ್ಲ, ಮೂಲೆ ಇಲ್ಲ. ಮೂರು ವರ್ಷ ಚೆನ್ನಾಗಿದ್ದ ಮಗು ಅಲ್ಲಿ ಒಂದೇ ತಿಂಗಳಲ್ಲಿ ಬಾಯಿ ಮುಚ್ಚಿಬಿಡೋದನ್ನ ನೋಡಿದೀನಿ. ಕಿವಿ ಮಷಿನ್ ಹುಡುಗಿ ಮುಂದಿನ ಜೂನಿಗೆ ನಾಲ್ಕು. ಅದಕ್ಕೆ ಒಂದು ನೋಟ್‌ಬುಕ್ ಶುರು ಮಾಡಿದೀನಿ. ಅದರಲ್ಲಿ ರೋಗದ ಹೆಸರು, ಪರ್ಸೆಂಟೇಜು ಏನೂ ಇಲ್ಲ. ಎಡಗಡೆ ಮಷಿನ್ ಬೇಗ ಲೂಸ್ ಆಗುತ್ತೆ, ಬ್ಯಾಟರಿ ಬ್ಯಾಗಿನ ಸಣ್ಣ ಜಿಪ್ಪಲ್ಲಿ ಇರುತ್ತೆ, ಕಿಟಕಿ ಅವಳ ಬೆನ್ನ ಹಿಂದೆ ಬರೋ ಹಾಗೆ ಕೂರಿಸಿ, ಡಿಕ್ಟೇಷನ್ ಕೊಡುವಾಗ ಓಡಾಡ್ಬೇಡಿ, ಅರ್ಥ ಆಯ್ತಾ ಅಂತ ಕೇಳಿದ್ರೆ ಯಾವಾಗ್ಲೂ ತಲೆ ಆಡಿಸ್ತಾಳೆ, ಅದಕ್ಕೆ ಏನು ಅರ್ಥ ಆಯ್ತು ಹೇಳು ಅಂತ ಕೇಳಿ, ಕಥೆ ಬರೆಯೋದು ಇಷ್ಟ, ಗೆಳತಿಯರು ಇಂಥವರು, ಇಷ್ಟೇ. ನಾಲ್ಕನೇ ಕ್ಲಾಸಿನ ಸರ್ ನೋಟ್‌ಬುಕ್ ತಗೊಂಡು ಓದಿ, "ಈ ಬೀಜದ ಟೆಸ್ಟ್ ಹೆಂಗೆ ಮಾಡೋದು, ಒಂದ್ಸಲ ತೋರ್ಸಿ ಮೇಡಂ" ಅಂದ್ರು. ಮಾರ್ಚ್ ತಿಂಗಳಲ್ಲಿ ಅವರು ಬೆಳಗಿನ ಹೊತ್ತು ನಮ್ಮ ರೂಮಿಗೆ ಬರ್ತೀನಿ ಅಂದಿದಾರೆ, ಅಷ್ಟೊತ್ತು ಅವರ ಕ್ಲಾಸನ್ನ ಹೆಡ್‌ಮೇಷ್ಟ್ರು ನೋಡ್ಕೋತಾರಂತೆ.